ಕಾಡಿನ ಹಾವಸೆ ಕಾಡಿನಲ್ಲಿರಲಿ, ಅಂಗಳದ್ದು ಅಂಗಳದಲ್ಲಿ ಬೆಳೆಯಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ಕೈತೋಟದ ಪುಟದಲ್ಲಿ, ಮನೆಯಂಗಳದಲ್ಲಿ ಹಾವಸೆ ಬೆಳೆಸುವ ಬಗೆಯನ್ನು ಕುರಿತ ಬರಹವನ್ನು ಆಸಕ್ತಿಯಿಂದ ಓದಿದೆ. ಹೂ ಬಿಡದ, ಹಣ್ಣು ಕೊಡದ, ಮಳೆಗಾಲ ಬಂತೆಂದರೆ ಎಲ್ಲರೂ ಕೆರೆದು ಬಿಸಾಡುವ ಈ ಸಣ್ಣ ಸಸ್ಯಕ್ಕೆ ಅರ್ಧ ಪುಟ ಕೊಟ್ಟಿದ್ದಕ್ಕೆ ಅಭಿನಂದನೆಗಳು. ಆದರೆ ಅದರಲ್ಲಿದ್ದ ಎರಡು ಸಲಹೆಗಳನ್ನು ಒಪ್ಪುವುದು ನನಗೆ ಕಷ್ಟವಾಯಿತು. ನರ್ಸರಿಯಿಂದ ಚೀಲದ ಲೆಕ್ಕದಲ್ಲಿ ಹಾವಸೆ ತಂದು ಹಾಸಬಹುದು ಎಂಬುದು ಒಂದು. ಹಾವಸೆಯನ್ನು ಮಜ್ಜಿಗೆಯೊಡನೆ ಮಿಕ್ಸಿಯಲ್ಲಿ ರುಬ್ಬಿ ಗೋಡೆಗೆ ಬಳಿಯಬೇಕು ಎಂಬುದು ಇನ್ನೊಂದು. ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆಯೊಂದರಲ್ಲಿ ಹನ್ನೊಂದು ವರ್ಷಗಳಿಂದ ಹಾವಸೆಯನ್ನು ಬೇಕೆಂದೇ ಬೆಳೆಸುತ್ತಿರುವವಳು ನಾನು. ಮೊದಮೊದಲು ಈ ಎರಡೂ ತಪ್ಪುಗಳನ್ನು ನಾನೂ ಮಾಡಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ ಹೆಸರಿನ ವಿಷಯ. ಬರಹದುದ್ದಕ್ಕೂ ಪಾಚಿ, ಹಾವಸೆ ಎಂಬ ಎರಡು ಮಾತುಗಳನ್ನು ಒಂದೇ ಅರ್ಥದಲ್ಲಿ ಬಳಸಲಾಗಿದೆ. ಮನೆಯಲ್ಲಿ ನಾವೂ ಹಾಗೆಯೇ ಬಳಸುತ್ತೇವೆ. ಆದರೆ ಬೆಳೆಸಲು ಹೊರಟವರಿಗೆ ಇವೆರಡರ ವ್ಯತ್ಯಾಸ ತಿಳಿದಿರಬೇಕು. ಆಷಾಢದಲ್ಲಿ ಅಂಗಳದ ಮೇಲೆ ಲೋಳೆಯಂತೆ ಕಟ್ಟಿಕೊಂಡು, ಅಡಿಕೆ ದಬ್ಬೆ ಹಾಸದೆ ಕೊಟ್ಟಿಗೆಗೆ ಹೋಗಲಾಗದಂತೆ ಮಾಡುವುದು ಬಹುಮಟ್ಟಿಗೆ ಪಾಚಿ; ಅದಕ್ಕೆ ಕಾಂಡವೂ ಇಲ್ಲ, ಎಲೆಯೂ ಇಲ್ಲ. ಹಾವಸೆಯಾದರೋ ಒತ್ತಿದರೆ ಮಖಮಲ್ಲಿನಂತೆ ಮೆತ್ತಗಿದ್ದು, ಕಣ್ಣು ಹತ್ತಿರ ತಂದರೆ ಒಂದೊಂದೂ ಎಲೆಯುಳ್ಳ ಗಿಡವಾಗಿ ಕಾಣುತ್ತದೆ. ನಮ್ಮ ಅತ್ತೆಯವರ ಓದುವ ಕನ್ನಡಕವನ್ನು ಭೂತಗನ್ನಡಿಯಂತೆ ಹಿಡಿದು ಬಚ್ಚಲಿನ ಹಿಂದಿನ ಜಂಬಿಟ್ಟಿಗೆ ಗೋಡೆಯನ್ನು ನೋಡಿದಾಗ, ಕೂದಲೆಳೆಯಷ್ಟು ತೆಳ್ಳಗಿನ ದಂಟಿನ ತುದಿಯಲ್ಲಿ ಜೀರಿಗೆ ಕಾಳಿಗಿಂತ ಸಣ್ಣದಾದ, ಮುಚ್ಚಳವಿರುವ ಗಿಂಡಿಯಂಥದೊಂದು ಕಂಡಿತು. ಅದರೊಳಗಿನ ಬೀಜಕಣಗಳು ಹಾರಿಹೋಗಿ ಬಿದ್ದಲ್ಲಿ ಮೊದಲು ಹಸಿರು ನೂಲಿನಂತೆ ಹಬ್ಬಿ, ಆಮೇಲೆ ಗಿಡವಾಗುತ್ತವೆ. ಇದಕ್ಕೆ ನಿಜವಾದ ಬೇರುಗಳಿಲ್ಲ. ಬೇರಿನಂತೆ ಕಾಣುವ ಎಳೆಗಳು ಮುಖ್ಯವಾಗಿ ಕಲ್ಲನ್ನೋ ತೊಗಟೆಯನ್ನೋ ಹಿಡಿದುಕೊಳ್ಳುವುದಕ್ಕೆ. ಬಹುತೇಕ ಹಾವಸೆಗಳ ಎಲೆ ಒಂದೇ ಜೀವಕೋಶದಷ್ಟು ದಪ್ಪವಿದ್ದು, ನೀರನ್ನು ನೇರವಾಗಿ ಎಲೆಯೇ ಹೀರಿಕೊಳ್ಳುತ್ತದೆ. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಮುಂದಿನ ಆರೈಕೆಯೆಲ್ಲ ತಾನಾಗಿ ಅರ್ಥವಾಗುತ್ತದೆ.

ಮಜ್ಜಿಗೆಯ ಪ್ರಯೋಗವನ್ನು ನಾನು ಒಂದು ಜೂನ್ ತಿಂಗಳಲ್ಲಿ ಮಾಡಿದ್ದೆ. ಮೂರನೆಯ ದಿನಕ್ಕೆ ಗೋಡೆಯ ತುಂಬ ಬಿಳಿ ಬೂಷ್ಟು ಹಿಡಿಯಿತು, ಐದನೆಯ ದಿನಕ್ಕೆ ಇರುವೆಯ ಸಾಲು ಬಂತು, ನಡುವೆ ಒಂದು ರಾತ್ರಿ ಬೆಕ್ಕು ಬಂದು ಅರ್ಧ ಭಾಗವನ್ನು ನೆಕ್ಕಿ ಹೋಯಿತು. ಆ ಮಳೆಗಾಲ ಮುಗಿಯುವಾಗ ಮಜ್ಜಿಗೆ ಬಳಿದ ಜಾಗಕ್ಕಿಂತ ಅದರ ಪಕ್ಕದಲ್ಲಿ ಸುಮ್ಮನೆ ಬಿಟ್ಟಿದ್ದ ಜಾಗವೇ ಹೆಚ್ಚು ಹಸಿರಾಗಿತ್ತು. ಮಿಕ್ಸಿಯಲ್ಲಿ ಉಳಿದ ವಾಸನೆಯ ಬಗ್ಗೆ ಅತ್ತೆಯವರು ಹೇಳಿದ ಮಾತನ್ನು ಇಲ್ಲಿ ಬರೆಯುವುದಿಲ್ಲ.

ನರ್ಸರಿಯ ಚೀಲದ ಸಂಗತಿ ಇಷ್ಟು ಹಗುರವಲ್ಲ. ನಾನು ಒಮ್ಮೆ ತಂದ ಚೀಲವನ್ನು ಸುರಿದಾಗ ಅಂಗೈಯಗಲದ ಹಾಳೆಗಳ ಅಡಿಯಲ್ಲಿ ಮರದ ತೊಗಟೆ ಅಂಟಿಕೊಂಡೇ ಇತ್ತು. ಒಂದು ಹಾಳೆಯಲ್ಲಿ ಕಿರುಬೆರಳಿನಷ್ಟೂ ಇಲ್ಲದ ಆರ್ಕಿಡ್ ಸಸಿಯೊಂದು ಬೇರು ಸಮೇತ ಒಣಗಿ ಹೋಗಿತ್ತು. ಅದು ಯಾರೂ ಬೆಳೆಸಿದ ಹಾವಸೆಯಲ್ಲ, ಕಾಡಿನ ಮರದಿಂದ ಸುಲಿದದ್ದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಮರದ ಕೊಂಬೆಯ ಮೇಲಿನ ಹಾವಸೆ ಮಂಜನ್ನೂ ಮಳೆಯನ್ನೂ ಹೀರಿಟ್ಟುಕೊಂಡು ನಿಧಾನವಾಗಿ ಬಿಟ್ಟುಕೊಡುತ್ತದೆ. ಸೀತಾಳೆ ದಂಡೆಯಂಥ ಆರ್ಕಿಡ್‌ಗಳ ಧೂಳಿನಂಥ ಬೀಜ ಅನೇಕ ವೇಳೆ ನೆಲೆ ಕಾಣುವುದು ಇಂಥ ತೇವದ ಮೆತ್ತೆಯಲ್ಲಿಯೇ. ಸುಲಿದ ಕೊಂಬೆ ಮತ್ತೆ ಅದೇ ದಪ್ಪಕ್ಕೆ ಹಸಿರಾಗಲು ವರ್ಷಗಟ್ಟಲೆ ಹಿಡಿಯುತ್ತದೆ. 1927ರ ಭಾರತೀಯ ಅರಣ್ಯ ಕಾಯ್ದೆಯು ಅರಣ್ಯ ಉತ್ಪನ್ನ ಯಾವುದೆಂದು ವಿವರಿಸುವಾಗ, ಕಾಡಿನ ಹುಲ್ಲು, ಬಳ್ಳಿ, ಜೊಂಡುಗಳ ಜತೆಗೆ ಹಾವಸೆಯನ್ನೂ ಹೆಸರಿಸಿಯೇ ಹೇಳಿದೆ. ಆದ್ದರಿಂದ ಅಪ್ಪಣೆಯಿಲ್ಲದೆ ಕಾಡಿನಿಂದ ಒಂದು ಬುಟ್ಟಿ ಹಾವಸೆ ಕಿತ್ತು ತರುವುದೂ ಕಾನೂನಿನ ಕಣ್ಣಿಗೆ ಬೀಳುವ ಸಂಗತಿಯೇ ಹೊರತು ನಿರಪಾಯದ ಹವ್ಯಾಸವಲ್ಲ. ಆರ್ಕಿಡ್ ಕುಂಡಕ್ಕೆ ಬೇಕೆನ್ನುವವರಿಗೆ ತೆಂಗಿನ ನಾರು, ಸಿಪ್ಪೆಯ ತುಂಡು, ಇದ್ದಿಲು ಸಾಕು.

ಹಾಗಾದರೆ ತರುವುದು ಎಲ್ಲಿಂದ? ಮಲೆನಾಡಿನವರಿಗಾಗಲಿ ಕರಾವಳಿಯವರಿಗಾಗಲಿ ಎಲ್ಲಿಂದಲೂ ತರಬೇಕಿಲ್ಲ. ಮಾಡಿನಿಂದ ಇಳಿಸಿಟ್ಟ ಹಳೆಯ ಮಂಗಳೂರು ಹೆಂಚು, ಬಾವಿಕಟ್ಟೆಯ ನೆರಳಿನ ಮಗ್ಗುಲು, ತುಳಸಿಕಟ್ಟೆಯ ಬುಡ ಇವೆಲ್ಲವುಗಳಲ್ಲಿ ಅದು ಆಗಲೇ ಇರುತ್ತದೆ. ಬೆಂಗಳೂರಿನ ಮನೆಗಳಲ್ಲಿಯೂ ನೀರಿನ ತೊಟ್ಟಿಯ ಉತ್ತರದ ಗೋಡೆಯನ್ನೋ ಹಳೆಯ ಮಣ್ಣಿನ ಕುಂಡದ ಹೊರಮೈಯನ್ನೋ ನೋಡಿದರೆ ಸಿಕ್ಕೀತು. ನಾನು ಅನುಭವದಿಂದ ಕಲಿತ ಪಾಠವೆಂದರೆ, ಕಲ್ಲಿನ ಮೇಲಿನದನ್ನು ಕಲ್ಲಿಗೆ, ಮಣ್ಣಿನ ಮೇಲಿನದನ್ನು ಮಣ್ಣಿಗೇ ಕೂರಿಸಬೇಕು. ಸುಣ್ಣದ ಗಾರೆಯ ಮೇಲೆ ಬೆಳೆಯುವ ಜಾತಿಯೇ ಬೇರೆ, ಹುಳಿ ಮಣ್ಣಿನಲ್ಲಿ ಬೆಳೆಯುವ ಜಾತಿಯೇ ಬೇರೆ. ಮುಂಗಾರು ಹಿಡಿದ ಮೇಲೆ, ಮಣ್ಣು ಚೆನ್ನಾಗಿ ನೆನೆದಿರುವಾಗ, ಬೆಳಗಿನ ಎಳೆಬಿಸಿಲು ಮಾತ್ರ ಬೀಳುವ ಜಾಗವನ್ನು ಆರಿಸಿ ಕಳೆ ಕಿತ್ತು, ನೆಲವನ್ನು ಕೆದಕದೆ ಮೇಲ್ಮೈಯನ್ನಷ್ಟೇ ಕೆಸರಿನ ಹದಕ್ಕೆ ತರಬೇಕು. ದೋಸೆ ಮಗುಚುವ ಸಟ್ಟುಗವನ್ನು ಅಡಿಗೆ ತೂರಿಸಿ, ಕಾಲು ಅಂಗುಲ ಮಣ್ಣಿನ ಸಮೇತ ಎತ್ತಿದ ಹಾವಸೆಯ ಬಿಲ್ಲೆಗಳನ್ನು ಅಲ್ಲಿಟ್ಟು, ಅಡಿಯಲ್ಲಿ ಗಾಳಿ ನಿಲ್ಲದಂತೆ ಅಂಗೈಯಿಂದ ಬಲವಾಗಿ ಒತ್ತಬೇಕು. ಹೆಚ್ಚಿನವರು ಸೋಲುವುದು ಇಲ್ಲಿಯೇ: ನಾಜೂಕಿನ ಗಿಡವೆಂದುಕೊಂಡು ಮೆಲ್ಲಗೆ ಇಡುತ್ತಾರೆ, ಅದು ಅಂಚಿನಿಂದ ಒಣಗಿ ಎದ್ದು ಬರುತ್ತದೆ. ನಾನಂತೂ ಅದರ ಮೇಲೆ ಬರಿಗಾಲಿನಲ್ಲಿ ನಾಲ್ಕು ಹೆಜ್ಜೆ ನಡೆದುಬಿಡುತ್ತೇನೆ.

ಗೊಬ್ಬರ ಬೇಡವೇ ಬೇಡ. ನೀರು ಹಾಕುವುದಿದ್ದರೆ ಮಳೆನೀರೇ ಒಳ್ಳೆಯದು; ಸುಣ್ಣದಂಶ ಹೆಚ್ಚಿರುವ ಬೋರ್‌ವೆಲ್ ನೀರನ್ನು ದಿನವೂ ಚಿಮುಕಿಸಿದರೆ ಎಲೆಯ ಮೇಲೆ ಬಿಳಿ ಪದರ ಕಟ್ಟುತ್ತದೆ, ಕ್ಲೋರಿನ್ ವಾಸನೆಯ ನಲ್ಲಿ ನೀರೂ ಅದಕ್ಕೆ ಹಿತವಲ್ಲ. ಉದುರಿದ ಎಲೆಗಳನ್ನು ಎರಡು ದಿನಕ್ಕೊಮ್ಮೆಯಾದರೂ ತೆಗೆಯದಿದ್ದರೆ ಅವುಗಳ ಅಡಿಯಲ್ಲಿ ಹಾವಸೆ ಕೊಳೆಯುತ್ತದೆ. ಕಡ್ಡಿ ಪೊರಕೆ ಹಾಕಿದರೆ ಹಾವಸೆಯೇ ಕಿತ್ತುಬರುವುದರಿಂದ ಮೆತ್ತಗಿನ ಹುಲ್ಲಿನ ಪೊರಕೆಯನ್ನೇ ಬಳಸಬೇಕು. ಕೊಳೆರೋಗಕ್ಕೆಂದು ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್) ಇರುತ್ತದೆ; ಹಾವಸೆಗೆ ಅದು ವಿಷ. ಒಂದು ವರ್ಷ ಬ್ಯಾರಲ್ ತೊಳೆದ ನೀರನ್ನು ಅಂಗಳದ ಅಂಚಿಗೆ ಚೆಲ್ಲಿದ್ದರಿಂದ ಆರು ವರ್ಷದ ಹಾವಸೆ ಒಂದೇ ವಾರದಲ್ಲಿ ಕಂದಿಹೋಯಿತು. ಚೆಲ್ಲಿದವರು ಮನೆಯವರೇ ಆದ್ದರಿಂದ ದೂರು ಕೊಡುವಂತಿರಲಿಲ್ಲ. ಇವೆಲ್ಲವನ್ನೂ ಮೀರಿದ ಶತ್ರುವೆಂದರೆ ಪಕ್ಕದ ಮನೆಯ ಕೋಳಿ. ಹುಳು ಹುಡುಕುತ್ತ ಅದು ಒಂದು ಬೆಳಿಗ್ಗೆಯಲ್ಲಿ ಕೆದಕಿದ್ದನ್ನು ಕೂರಿಸಲು ನನಗೆ ಒಂದು ವಾರ ಬೇಕು. ಹಳೆಯ ಮೀನುಬಲೆಯನ್ನು ಹೊದಿಸಿದ ಮೇಲೆಯೇ ನೆಮ್ಮದಿಯಾದದ್ದು.

ಬೇಸಗೆಯಲ್ಲಿ ಹಾವಸೆ ಕಂದು ಬಣ್ಣಕ್ಕೆ ತಿರುಗಿ ಮುದುಡಿಕೊಂಡಾಗ ಸತ್ತಿತೆಂದು ಕೆರೆದು ಹಾಕುವವರು ಬಹಳ. ಅದು ಸತ್ತಿರುವುದಿಲ್ಲ. ಏಪ್ರಿಲ್‌ನಲ್ಲಿ ಅಪ್ಪಳದಂತೆ ಒಣಗಿದ ಬಿಲ್ಲೆಯೊಂದಕ್ಕೆ ಒಂದು ಚೊಂಬು ನೀರು ಚಿಮುಕಿಸಿ, ಒಳಗೆ ಹೋಗಿ ಕಾಫಿ ಕುಡಿದು ಬಂದರೆ ಎಲೆಗಳೆಲ್ಲ ಬಿಚ್ಚಿಕೊಂಡು ಹಸಿರಾಗಿ ನಿಂತಿರುತ್ತವೆ. ಮನೆಗೆ ಬಂದ ನೆಂಟರ ಮಕ್ಕಳಿಗೆ ಇದನ್ನು ತೋರಿಸುವುದು ನನಗೊಂದು ಹೆಮ್ಮೆ.

ಜಪಾನಿನ ಕ್ಯೋಟೋ ನಗರದ ಸೈಹೋಜಿ ದೇವಾಲಯದ ತೋಟದಲ್ಲಿ ಸುಮಾರು 120 ಬಗೆಯ ಹಾವಸೆಗಳಿವೆ. ಅಲ್ಲಿಯೂ ಅದು ಯಾರೋ ತಂದು ಹಾಸಿದ್ದಲ್ಲ, ತೋಟದ ನಿಗಾ ತಪ್ಪಿದ ಕಾಲದಲ್ಲಿ ತಾನಾಗಿ ಹಬ್ಬಿದ್ದು ಎನ್ನುತ್ತಾರೆ. ನಮ್ಮ ದೇಶದಲ್ಲಿಯೂ ನೈನಿತಾಲ್ ಬಳಿಯ ಖುರ್ಪಾತಾಲ್‌ನಲ್ಲಿ 2020ರಲ್ಲಿ ಉತ್ತರಾಖಂಡದ ಅರಣ್ಯ ಇಲಾಖೆ ಒಂದು ಹಾವಸೆ ತೋಟವನ್ನು ತೆರೆದಿದೆ. ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಸುರಿಯುವ ಆಗುಂಬೆಯನ್ನು ಮಗ್ಗುಲಲ್ಲಿಟ್ಟುಕೊಂಡ ನಮಗೆ ಅಂಥದೊಂದು ಯಾಕಿಲ್ಲವೋ ತಿಳಿಯದು.

ತಾವು ಈ ವಿಷಯವನ್ನು ಮುಂದುವರಿಸುವುದಾದರೆ, ನರ್ಸರಿಗಳಲ್ಲಿ ಮಾರುವ ಹಾವಸೆ ಯಾವ ಕಾಡಿನಿಂದ, ಯಾರ ಕೈಯಿಂದ, ಯಾವ ಅಪ್ಪಣೆಯ ಮೇಲೆ ಬರುತ್ತಿದೆ ಎಂಬುದನ್ನು ತಮ್ಮ ವರದಿಗಾರರಿಂದ ವಿಚಾರಿಸಿ ಪ್ರಕಟಿಸಬೇಕೆಂದು ಕೋರುತ್ತೇನೆ. ನಾನು ಚೀಲ ತಂದ ಅಂಗಡಿಯಲ್ಲಿ ಇದನ್ನು ಕೇಳಿದಾಗ ಸಿಕ್ಕ ಉತ್ತರ, "ಮೇಲಿಂದ ಬರ್ತದೆ ಅಮ್ಮ" ಎಂಬುದಷ್ಟೇ.

ಇತಿ ತಮ್ಮ ವಿಶ್ವಾಸಿ,
ಕೃಷಿಕ ಮಹಿಳೆಯೊಬ್ಬರು, ಸಾಗರ ತಾಲ್ಲೂಕು