ಡೀನ್ ಮಾರ್ಟಿನ್, ಬಹುಶಃ ಫ್ರಾಂಕ್

ಪ್ರೀತಿಯ ಗೆಳೆಯಾ,

ಲಾಸ್ ವೇಗಸ್‌ಗೆ ಹೊರಟಿದ್ದೀಯಲ್ಲ, ಜೂಜಿನ ಮೇಜು ಎಲ್ಲಿಗೂ ಓಡಿಹೋಗಲ್ಲ. ಮೊದಲು ಹಳೆಯ ಬೋರ್ಡುಗಳನ್ನು ನೋಡು. ಈ ರಾತ್ರಿ ಯಾರ ಹಾಡು, ಯಾರ ಹಾಸ್ಯ ಅಂತ ಕ್ಯಾಸಿನೊಗಳು ಬೀದಿಗೆ ಸಾರುತ್ತಿದ್ದ ಮಾರ್ಕೀಗಳು ಅವು. ಯಾರ ಹೆಸರು ಮೇಲೆ, ಯಾರದು ಎಷ್ಟು ದಪ್ಪ ಅನ್ನುವುದಕ್ಕೆ ಕರಾರಿನಲ್ಲೇ ಜಗ್ಗಾಟ ನಡೆಯುತ್ತಿತ್ತು. ಅದಕ್ಕೇ ಹಳೆಯ ಫೋಟೋದಲ್ಲಿ ಹೆಸರು ಓದಿದರೆ ಸಾಲದು, ಅಳತೆಯನ್ನೂ ಓದಬೇಕು.

ಗಾಯಕ ಎಲ್ವಿಸ್ ಪ್ರೀಸ್ಲಿಯನ್ನೇ ತಗೋ. 1956ರ ಏಪ್ರಿಲ್‌ನಲ್ಲಿ ನ್ಯೂ ಫ್ರಾಂಟಿಯರ್ ಹೋಟೆಲಿಗೆ ಬಂದಾಗ ಅವನು ಪ್ರಧಾನ ಆಕರ್ಷಣೆಯೇ ಅಲ್ಲ. ಫ್ರೆಡ್ಡಿ ಮಾರ್ಟಿನ್ ವಾದ್ಯವೃಂದ, ಹಾಸ್ಯಗಾರ ಶೆಕಿ ಗ್ರೀನ್ ಇವರ ಜೊತೆಗೆ ಸೇರಿಸಿದ ‘ಅಣುಶಕ್ತಿಯ ಗಾಯಕ’, ಅಷ್ಟೆ. ಊಟಕ್ಕೆ ಕೂತ ನಡುವಯಸ್ಸಿನವರಿಗೆ ರುಚಿಸಲೂ ಇಲ್ಲ. 1969ರ ಜುಲೈ 31ಕ್ಕೆ ಇಂಟರ್‌ನ್ಯಾಷನಲ್ ಹೋಟೆಲಿನಲ್ಲಿ ಮತ್ತೆ ವೇದಿಕೆ ಹತ್ತಿದ ಮೇಲೆ ‘ಎಲ್ವಿಸ್’ ಅಂದರೆ ಸಾಕಾಯಿತು, ಬಿರುದು ಬೇಕಾಗಲಿಲ್ಲ.

ಸ್ಯಾಂಡ್ಸ್ ಹೋಟೆಲಿನ ಬೋರ್ಡು ನನಗೆ ಎಲ್ಲಕ್ಕಿಂತ ಇಷ್ಟ. 1960ರ ಆರಂಭದಲ್ಲಿ ಅದರ ಮೇಲೆ ಫ್ರಾಂಕ್ ಸಿನಾತ್ರಾ, ಡೀನ್ ಮಾರ್ಟಿನ್, ಸ್ಯಾಮಿ ಡೇವಿಸ್ ಜೂನಿಯರ್, ಪೀಟರ್ ಲಾಫರ್ಡ್, ಜೋಯಿ ಬಿಷಪ್, ಐವರು ತಾರೆಯರು ಒಟ್ಟಿಗೆ ಇದ್ದರು. ಹಗಲು ಸಿನಿಮಾ ಶೂಟಿಂಗ್, ರಾತ್ರಿ ಹೋಟೆಲಿನ ಕೋಪಾ ರೂಮ್ ಅನ್ನುವ ಷೋ ಹಾಲಿನಲ್ಲಿ ಕಾರ್ಯಕ್ರಮ. ಇನ್ನೊಮ್ಮೆ ಅದೇ ಬೋರ್ಡು ಹೇಳಿದ್ದು ಇಷ್ಟೇ: ‘ಡೀನ್ ಮಾರ್ಟಿನ್, ಬಹುಶಃ ಫ್ರಾಂಕ್, ಬಹುಶಃ ಸ್ಯಾಮಿ’. ಆ ‘ಬಹುಶಃ’ಗಿಂತ ಚೆನ್ನಾಗಿ ಟಿಕೆಟ್ ಮಾರುವ ಪದ ಇದೆಯೇನೋ?

ಹೆಸರು ಕೂರಿಸುವುದು ಕೈಕೆಲಸ. ಹಾಲುಬಣ್ಣದ ಹಲಗೆ, ಹಿಂದೆ ಟ್ಯೂಬ್‌ಲೈಟು, ಮುಂದೆ ಅಡ್ಡಕಂಬಿಗಳು. ಬಿಡಿ ಅಕ್ಷರಗಳನ್ನು ಆ ಕಂಬಿಗೆ ಸಿಕ್ಕಿಸಬೇಕು. ಏಣಿ ಹತ್ತುವ ಮೊದಲೇ ಇಡೀ ಸಾಲನ್ನು ನೆಲದ ಮೇಲೆ ಜೋಡಿಸಿಕೊಳ್ಳುವುದು ಜಾಣತನ, ಯಾಕೆಂದರೆ ಇಂಗ್ಲಿಷಿನ ‘ಐ’ಗೆ ಸಾಕಾಗುವ ಜಾಗ ‘ಡಬ್ಲ್ಯೂ’ಗೆ ಏನೇನೂ ಸಾಲದು. ಅಕ್ಷರ ಎಣಿಸಿ ಅರ್ಧ ಮಾಡಿದರೆ ಸಾಲು ಒಂದು ಕಡೆಗೆ ವಾಲುತ್ತದೆ. ಅಗಲ ಅಳೆದು ಮಧ್ಯ ಹಿಡಿಯಬೇಕು, ಅಲ್ಲಿಂದ ಎರಡೂ ಕಡೆಗೆ ಹೋಗಬೇಕು. ‘ಎಂ’ ಮುಗಿದರೆ ‘ಡಬ್ಲ್ಯೂ’ ತಲೆಕೆಳಗಾಗುತ್ತದೆ, 9 ಇಲ್ಲದಿದ್ದರೆ 6. ಸಾಲಿನ ತುದಿಗೆ ತಡೆ ಹಾಕದಿದ್ದರೆ ಮರುಭೂಮಿಯ ಗಾಳಿ ಅಕ್ಷರಗಳನ್ನು ಒಂದೇ ಮೂಲೆಗೆ ತಳ್ಳುತ್ತದೆ. ಬಿಸಿಲಿಗೆ ಪ್ಲಾಸ್ಟಿಕ್ ಸೊಟ್ಟಗಾದರೆ ಅಕ್ಷರ ಕಂಬಿಯಿಂದ ಕಳಚಿ ಬೀಳುವುದೂ ಉಂಟು.

ಬೋರ್ಡಿನ ಸುತ್ತ ಓಡುವ ಬಲ್ಬುಗಳು ನಿಜಕ್ಕೂ ಓಡುವುದಿಲ್ಲ, ಗೊತ್ತಲ್ಲ. 1, 4, 7ನೆಯವು ಒಂದು ವೈರಿಂಗ್, 2, 5, 8 ಇನ್ನೊಂದು, 3, 6, 9 ಮತ್ತೊಂದು. ಮೋಟಾರು ತಿರುಗಿದಂತೆ ಮೂರಕ್ಕೂ ಸರದಿಯಲ್ಲಿ ಕರೆಂಟು ಸಿಗುತ್ತದೆ, ಕಣ್ಣು ಅದನ್ನು ಓಟ ಅಂದುಕೊಳ್ಳುತ್ತದೆ. ಎರಡೇ ವೈರಿಂಗ್ ಇದ್ದರೆ ಬರೀ ಮಿಣಮಿಣ, ಎತ್ತ ಓಡುತ್ತಿದೆ ಅಂತ ತಿಳಿಯುವುದೇ ಇಲ್ಲ. ಮೂರರಲ್ಲಿ ಒಂದು ಕೆಟ್ಟರೆ ಓಟ ಕುಂಟುತ್ತದೆ.

ಬೋರ್ಡಿನಲ್ಲಿ ಬಣ್ಣಬಣ್ಣವಾಗಿ ಹೊಳೆಯುವ, ಅನಿಲ ತುಂಬಿದ ಗಾಜಿನ ಕೊಳವೆಗಳ ವಿಷಯಕ್ಕೆ ಬಂದರೆ, ಕಿತ್ತಳೆಗೆಂಪು ಮಾತ್ರ ಅಸಲಿ ನಿಯಾನ್ ಅನಿಲ. ನೀಲಿ ಬೇಕೆಂದರೆ ಆರ್ಗಾನ್ ಜೊತೆ ಒಂದು ತೊಟ್ಟು ಪಾದರಸ. ಬೇರೆ ಬಣ್ಣಗಳು ಗಾಜಿನ ಒಳಲೇಪದಿಂದ ಬರುತ್ತವೆ. ಚಳಿಯಲ್ಲಿ ಪಾದರಸದ್ದು ಮಂಕಾಗುತ್ತದೆ, ಕೆಂಪು ಅಷ್ಟು ಬೇಗ ಸೋಲುವುದಿಲ್ಲ. ಗಾಜು ಬಿರಿದು ಗಾಳಿ ಹೊಕ್ಕಿತೋ, ಆ ತುಂಡಿನ ಕತೆ ಮುಗಿಯಿತು. ಒಡೆದದ್ದನ್ನು ಬೆಸೆದು, ಗಾಳಿ ಪೂರ್ತಿ ಎಳೆದು, ಹೊಸದಾಗಿ ಅನಿಲ ತುಂಬಿಸದೆ ಹತ್ತುವುದಿಲ್ಲ.

ಬೋರ್ಡು ಮುಚ್ಚಿಟ್ಟದ್ದೂ ಒಂದಿದೆ. ಸ್ಯಾಮಿಯಂಥ ಕಪ್ಪು ಕಲಾವಿದರ ಹೆಸರು ಹೊರಗೆ ಝಗಝಗ, ಆದರೆ ಅದೇ ಹೋಟೆಲಿನಲ್ಲಿ ಅವರಿಗೆ ಬಹಳ ವರ್ಷ ರೂಮಿರಲಿಲ್ಲ. ಷೋ ಮುಗಿಸಿ ಕಪ್ಪು ಜನರ ಕೇರಿಯಾದ ವೆಸ್ಟ್‌ಸೈಡ್‌ಗೆ ಹೋಗಿ ಮಲಗಬೇಕಿತ್ತು. ಬಣ್ಣ ನೋಡದೆ ಎಲ್ಲರನ್ನೂ ಒಳಗೆ ಬಿಟ್ಟ ಮೂಲಾ ರೂಜ್ ಹೋಟೆಲ್ 1955ರ ಮೇನಲ್ಲಿ ತೆರೆದು ಅದೇ ವರ್ಷ ಬಾಗಿಲು ಹಾಕಿತು. ಊರಿನ ದೊಡ್ಡ ಕ್ಯಾಸಿನೊ ಬೀದಿಯಾದ ಸ್ಟ್ರಿಪ್‌ನ ಹೋಟೆಲುಗಳು ಕಪ್ಪು ಜನರನ್ನು ಒಳಗೆ ಬಿಡಲು ಒಪ್ಪಿದ್ದು 1960ರ ಮಾರ್ಚಿನಲ್ಲಿ. ಮೂಲಾ ರೂಜ್‌ನ ಹೆಸರಿನ ಅಕ್ಷರಗಳನ್ನು ರೂಪಿಸಿದವಳು ಬೆಟ್ಟಿ ವಿಲ್ಲಿಸ್. ಊರ ಬಾಗಿಲಲ್ಲಿ ಎಲ್ಲರೂ ಫೋಟೋ ತೆಗೆಸಿಕೊಳ್ಳುವ 1959ರ ಸ್ವಾಗತ ಫಲಕವೂ ಅವಳದೇ.

ಸ್ಯಾಂಡ್ಸ್ ಹುಡುಕಬೇಡ, 1996ರಲ್ಲಿ ಸ್ಫೋಟಿಸಿ ಕೆಡವಿದರು. ಹಳೆಯ ಬೋರ್ಡುಗಳನ್ನು ಇಟ್ಟಿರುವ ನಿಯಾನ್ ಮ್ಯೂಸಿಯಂಗೆ ಹೋಗು, ಮೂಲಾ ರೂಜ್, ಸ್ಟಾರ್‌ಡಸ್ಟ್ ಎರಡು ಹೋಟೆಲುಗಳ ಬೋರ್ಡೂ ಅಲ್ಲಿವೆ. ಕತ್ತಲಾದ ಮೇಲಿನ ಟಿಕೆಟ್ಟೇ ತಗೋ. ಎಲ್ಲ ಬೋರ್ಡೂ ಹತ್ತುವುದಿಲ್ಲ, ಎಷ್ಟೋ ಬೋರ್ಡುಗಳಿಗೆ ನೆಲದಿಂದ ದೀಪ ಬಿಟ್ಟಿದ್ದಾರೆ. ಹತ್ತುವವುಗಳ ಹತ್ತಿರ ನಿಂತು ಕೊಳವೆಯ ಎರಡು ತುದಿ ನೋಡು. ಕಪ್ಪಗಾಗಿದ್ದರೆ ಬಹಳ ವರ್ಷ ದುಡಿದ ಗಾಜು ಅದು. ಅದರದ್ದೊಂದು ಫೋಟೋ ಕಳಿಸು.

ನಿನ್ನ ಗೆಳೆಯ