ತೊಟ್ಟಿಮನೆಯ ಸೂರು ಉಳಿಸಲು ದೇಣಿಗೆ ಮನವಿ

ಮಾನ್ಯರೇ,

ಮೂಡಿಗೆರೆ ಸೀಮೆಯ ನಮ್ಮ ತೊಟ್ಟಿಮನೆ ವಸ್ತುಸಂಗ್ರಹಾಲಯವನ್ನು ಕಳೆದ ಮಳೆಗಾಲದಿಂದ ಮುಚ್ಚಿದ್ದೇವೆ. ಪಡುವಣ ಅಂಕಣಗಳಲ್ಲಿ, ಅಂದರೆ ಕಂಬಗಳ ನಡುವಿನ ಭಾಗಗಳಲ್ಲಿ, ಹೆಂಚು ಹೊರುವ ಮರದ ರೀಪು, ಪಕಾಸು ಗೆದ್ದಲು ಹಿಡಿದು ಕುಸಿದಿವೆ. ಹೆಂಚು ಜಾರಿ, ನೀರು ಮುಚ್ಚಿಗೆ (ಮರದ ಒಳಚಾವಣಿ) ದಾಟಿ ನಡುಮನೆಗೇ ಇಳಿಯುತ್ತಿದೆ.

ಒಳಗಿರುವುದೆಲ್ಲ ಸುತ್ತಲಿನ ಮನೆಗಳವರು ನಂಬಿ ಕೊಟ್ಟ ವಸ್ತುಗಳು: ಬೀಟೆ ಮರದ ತೊಟ್ಟಿಲು, ಹಿತ್ತಾಳೆಯ ತೂಗುದೀಪ, ಗಿಳಿಮೂತಿಯ ಅಡಕತ್ತರಿ, ಗುಳಿ ಸವೆದ ಚೆನ್ನೆಮಣೆ, ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳು. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮ ಮುದ್ರಣಾಲಯದ ಲಕ್ಷ್ಮಿ, ಸರಸ್ವತಿ ಪಟಗಳೂ ಇವೆ. ಅವಕ್ಕೆ ತೇವ ತಾಗಿದರೆ ಮುಗಿಯಿತು.

ಬೇಲೂರು, ಹಳೇಬೀಡಿನ ಗುಡಿಗಳು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದಾಗ ಎಲ್ಲರೂ ಹೆಮ್ಮೆಪಟ್ಟೆವು. ಇತ್ತ ನಮ್ಮ ಆಚಾರಿಗಳು ಕೆತ್ತಿದ ಕಂಬ, ಬಾಗಿಲುವಾಡಗಳು ಲಾರಿ ಏರಿ ರೆಸಾರ್ಟುಗಳಿಗೆ ಹೋಗುತ್ತಲೇ ಇವೆ. ಮಾರಿದವರನ್ನು ದೂರುತ್ತಿಲ್ಲ, ಹಳೇ ಮನೆ ಸಾಕುವ ಕಷ್ಟ ನಮಗೂ ಗೊತ್ತು.

"ಸಿಮೆಂಟ್ ಬಳಿದು ಶೀಟು ಹಾಕಿಸಿ, ಅಗ್ಗದಲ್ಲಿ ಆಗುತ್ತೆ" ಎನ್ನುವ ಹಿತೈಷಿಗಳಿದ್ದಾರೆ. ಅದಕ್ಕೆ ನಾವು ಒಪ್ಪುವುದಿಲ್ಲ. ಮಣ್ಣಿನ ಗೋಡೆ ಕುಡಿದ ನೀರು ಆರಿ ಹೊರಹೋಗಬೇಕು. ಸಿಮೆಂಟ್ ಆ ದಾರಿ ಮುಚ್ಚಿದರೆ ತೇವ ಒಳಗೇ ಉಳಿದು, ಗೋಡೆಯಲ್ಲಿ ಹೂತ ತೊಲೆಯ ತುದಿ ಕೊಳೆಯುತ್ತದೆ. ಆದ್ದರಿಂದ ಬೆಲ್ಲದ ನೀರು, ಅಳಲೆಕಾಯಿ ರಸ ಬೆರೆಸಿದ ಸುಣ್ಣದ ಗಾರೆಯನ್ನೇ ಬಳಸುತ್ತೇವೆ. ಇದು ನಿಧಾನದ ಕೆಲಸ, ಗಾರೆ ಗಟ್ಟಿಯಾಗಲು ಬಿಸಿಲು-ಗಾಳಿಯ ದಿನಗಳು ಬೇಕು. ಮೃಗಶಿರಾ ಮಳೆ ಹಿಡಿಯುವುದರೊಳಗೆ ಸೂರಾದರೂ ಮುಗಿಯಬೇಕು.

ಇಡೀ ಖರ್ಚು ಹೊರಲು ಯಾರನ್ನೂ ಕೇಳುತ್ತಿಲ್ಲ. ಒಂದು ಅಂಕಣದ ಹೊದಿಕೆ, ಒಂದು ಕಂಬ, ಒಬ್ಬ ಆಚಾರಿಯ ವಾರದ ಕೂಲಿ, ನಿಮ್ಮ ಕೈಲಾದಷ್ಟು ವಹಿಸಿಕೊಳ್ಳಿ. ಹಳೇ ಮಂಗಳೂರು ಹೆಂಚು ಇದ್ದವರು ಹಣಕ್ಕಿಂತ ಹೆಚ್ಚಿನದನ್ನೇ ಕೊಡಬಲ್ಲಿರಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಬೇರೆ ಬೇರೆ ಅಚ್ಚಿನ ಹೆಂಚುಗಳು ಬಂದವು. ಒಂದರ ಪಕ್ಕ ಇನ್ನೊಂದು ಸರಿಯಾಗಿ ಕೂರುವುದಿಲ್ಲ. ಕೊಟ್ಟಿಗೆ ಬಿಚ್ಚಿ ಹಿತ್ತಿಲಲ್ಲಿ ಜೋಡಿಸಿಟ್ಟ ಹೆಂಚಿದ್ದರೆ ಒಂದನ್ನು ತಂದು ತೋರಿಸಿ. ಹೊಂದಿದರೆ ಉಳಿದದ್ದನ್ನು ನಾವೇ ಸಾಗಿಸುತ್ತೇವೆ.

ದೇಣಿಗೆಯನ್ನು ಟ್ರಸ್ಟಿನ ಖಾತೆಗೇ ಹಾಕಿ, ರಸೀದಿ ಕೇಳಿ ಪಡೆಯಿರಿ. ಖರ್ಚಿನ ಲೆಕ್ಕವನ್ನು ಪ್ರತಿ ತಿಂಗಳು ಜಗಲಿಯ ಹಲಗೆಯಲ್ಲಿ ಹಚ್ಚುತ್ತೇವೆ.

ಇಂತಿ,
ಟ್ರಸ್ಟಿನ ಪದಾಧಿಕಾರಿಗಳು