ಶ್ರಾವಣದ ಮದುವೆಗೆ ಪಿಯೋನಿ ಯಾಕೆ ಪುಟ್ಟಿ?

ಮೈಸೂರು
ಆಷಾಢ ಶುಕ್ರವಾರ, ರಾತ್ರಿ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮಳೆ ಶುರುವಾದ ಮೇಲೆ ನಿನ್ನ ದೊಡ್ಡಪ್ಪನ ಮಂಡಿನೋವು ಸ್ವಲ್ಪ ಜಾಸ್ತಿ, ಅಷ್ಟೇ. ಇವತ್ತು ಚಾಮುಂಡಿ ಬೆಟ್ಟಕ್ಕೆ ಜನ ಹೋಗುವ ದಿನ ಅಲ್ವಾ, ಬೆಳಗಿನ ಜಾವ ಮೂರಕ್ಕೇ ಅಂಗಡಿ ತೆಗೆದೆವು. ಬೆರಳೆಲ್ಲ ನಾರು ಕೊಯ್ದು ಉರಿಯುತ್ತಿದೆ. ಅಕ್ಷರ ಸೊಟ್ಟಗಿದ್ದರೆ ಬೈಕೋಬೇಡ.

ನೀನು ಕಳಿಸಿದ ಫೋಟೊ ನೋಡಿದೆ. ನೀನು ಹೂವಿನ ಅಲಂಕಾರಕ್ಕೆ ಒಪ್ಪಿಕೊಂಡ ಮೊದಲ ದೊಡ್ಡ ಮದುವೆ, ಅದೂ ಶ್ರಾವಣದಲ್ಲಿ. ಹುಡುಗಿ ಕಡೆಯವರಿಗೆ ಮಂಟಪಕ್ಕೆ ಪಿಯೋನಿ ಅನ್ನೋ ಚಳಿದೇಶದ ಹೂವು ಬೇಕಂತೆ, ಗೊಂಚಲು ಗೊಂಚಲಾಗಿ ಬಿಡುವ ಹೈಡ್ರೇಂಜಿಯಾ ಬೇಕಂತೆ. "ಹೊರದೇಶದಿಂದ ತರಿಸಿಬಿಡಲಾ ದೊಡ್ಡಮ್ಮಾ?" ಅಂತ ಕೇಳಿದ್ದೀಯ. ಬೇಡ ಕಣೇ. ಪಿಯೋನಿ ಗಿಡಕ್ಕೆ ಕೊರೆಯುವ ಚಳಿಗಾಲ ಬೇಕು, ಇಲ್ಲದಿದ್ದರೆ ಮೊಗ್ಗೇ ಕಟ್ಟುವುದಿಲ್ಲ. ಹೈಡ್ರೇಂಜಿಯಾ ಮಡಿಕೇರಿ ಕಡೆ ಮನೆ ಮುಂದೆಲ್ಲ ಬಿಡುತ್ತದೆ ನಿಜ. ಆದರೆ ನೀರಿಂದ ತೆಗೆದ ಸ್ವಲ್ಪ ಹೊತ್ತಿಗೇ ತಲೆ ಬಾಗಿಸುತ್ತದೆ. ಮಂಟಪದ ದೀಪದ ಬಿಸಿಗೆ ಅದನ್ನು ಕಟ್ಟಿದರೆ ಮುಹೂರ್ತದ ಹೊತ್ತಿಗೆ ನೀನೂ ತಲೆ ಬಾಗಿಸಬೇಕಾಗುತ್ತದೆ.

ಯಾರಿಗೂ ಹೂವಿನ ಹೆಸರು ಹೇಳಿ ಮಾತು ಕೊಡಬೇಡ. ಬಣ್ಣಕ್ಕೆ ಮಾತು ಕೊಡು, ಘಮಕ್ಕೆ ಕೊಡು. ಹೂವು ಯಾವುದು ಅನ್ನೋದನ್ನು ತೋಟದವರನ್ನು ಕೇಳಿ ಆಮೇಲೆ ಹೇಳು.

ಇದು ನಾನು ಪೆಟ್ಟು ತಿಂದು ಕಲಿತ ಪಾಠ. ನೀನಿನ್ನೂ ಹುಟ್ಟಿರಲಿಲ್ಲ. ಮಾಘ ಮಾಸದಲ್ಲಿ ಒಂದು ಮದುವೆ. ಮಂಟಪ ಪೂರ್ತಿ ಮೈಸೂರು ಮಲ್ಲಿಗೆಯಲ್ಲೇ ಆಗಬೇಕು ಅಂದರು. ಮಲ್ಲಿಗೆ ಸುಗ್ಗಿ ಬೇಸಿಗೆಯಲ್ಲಿ, ಚಳಿಯಲ್ಲಿ ಗಿಡ ಮಲಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ದುಡ್ಡಿನ ಆಸೆಗೆ ಹೂಂ ಅಂದೆ. ಎಲ್ಲೆಲ್ಲಿಂದಲೋ ಮೊಗ್ಗು ಹೊಂದಿಸಿ, ಎರಡು ದಿನ ಐಸ್ ಪೆಟ್ಟಿಗೆಯಲ್ಲಿಟ್ಟೆ. ಹಿಂದಿನ ರಾತ್ರಿ ಹನ್ನೊಂದಕ್ಕೆ ಮುಚ್ಚಳ ತೆಗೆದರೆ ಅರ್ಧಕ್ಕರ್ಧ ಕಂದು ತಿರುಗಿದೆ. ನಿನ್ನ ದೊಡ್ಡಪ್ಪ ಮಾತಾಡದೆ ಟಾರ್ಚು, ಕುಡುಗೋಲು ತಗೊಂಡು ಹೊರಟರು. ಪರಿಚಯದವರ ತೋಪಿಗೆ ಹೋಗಿ ಹೂ ಬಿಟ್ಟ ಮಾವಿನ ಕೊಂಬೆಗಳನ್ನು ಕೊಯ್ದು ತಂದರು. ಅಡಿಕೆಯ ಹಿಂಗಾರ ತಂದರು. ಅಂಗಡಿಯಲ್ಲಿದ್ದ ಬಿಳಿ ಸೇವಂತಿಗೆಯನ್ನೆಲ್ಲ ಕಟ್ಟಿದೆವು. ಉಳಿದ ಮಲ್ಲಿಗೆ ಹೆಣ್ಣಿನ ಜಡೆಗೆ ಮಾತ್ರ. ಬೆಳಿಗ್ಗೆ ಹುಡುಗಿಯ ಅಜ್ಜಿ ಬಂದು ಮಂಟಪದ ಕಂಬ ಹಿಡಿದು, "ನಮ್ಮೂರ ತೋಟದಲ್ಲಿ ನಿಂತ ಹಾಗಿದೆ" ಅಂದರು. ಹುಡುಗಿಯ ಅಪ್ಪ ಮಾತ್ರ ಅರ್ಧ ದುಡ್ಡು ಹಿಡಿದುಕೊಂಡರು. ಅದೂ ಸರಿಯೇ, ಹೇಳಿದ್ದು ಕೊಟ್ಟಿರಲಿಲ್ಲ ನಾನು.

ಈಗ ನೀನು ಒಪ್ಪಿಕೊಂಡ ಮದುವೆಯ ಮಾತಿಗೆ ಬರುತ್ತೇನೆ. ಅವರು ತೋರಿಸಿದ ಫೋಟೊದಲ್ಲಿ ಏನಿದೆ ನೋಡು. ಅಗಲವಾದ, ಪದರ ಪದರದ ನಸುಗೆಂಪು ಹೂವು. ಅದಕ್ಕೆ ನಮ್ಮ ಮಲೆನಾಡಿನ ಡೇರೆ ಹೂವು ಇದೆಯಲ್ಲ, ಡೇಲಿಯಾ ಅಂತಾರಲ್ಲ ಅದೇ! ಮಳೆಗಾಲದಲ್ಲಿ ಸಾಗರ, ತೀರ್ಥಹಳ್ಳಿ ಕಡೆ ಅಂಗಳ ಅಂಗಳದಲ್ಲೂ ಅರಳಿರುತ್ತದೆ. ಒಂದೊಂದು ಹೂವು ಊಟದ ತಟ್ಟೆಯಷ್ಟು. ಡೇರೆಯನ್ನು ಮೊಗ್ಗಿನಲ್ಲಿ ಕೊಯ್ದರೆ ಆಮೇಲೆ ಅರಳುವುದಿಲ್ಲ, ಮುಕ್ಕಾಲು ಅರಳಿದ ಮೇಲೆ, ಬೆಳಗಿನ ತಂಪಿನಲ್ಲೇ ಕೊಯ್ಯಿಸಬೇಕು. ಕೊಯ್ದ ತಕ್ಷಣ ಬಕೆಟ್ ನೀರಿಗೆ. ಹೆಚ್ಚು ಬಾಳುವ ಹೂವಲ್ಲ ಅದು, ಹಾಗಾಗಿ ಮಂಟಪದ ಮುಂಭಾಗಕ್ಕೆ, ಫೋಟೊ ತೆಗೆಯುವ ಕಡೆಗೆ ಮಾತ್ರ ಇಡು. ಬಿಳಿಗೆ ಸುಗಂಧರಾಜ. ಅದು ಕಡ್ಡಿಯ ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತದೆ. ಕೆಳಗಿನ ಬಾಡಿದ ಹೂವನ್ನು ಚಿವುಟುತ್ತಿದ್ದರೆ ನಾಲ್ಕೈದು ದಿನ ನಿಲ್ಲುತ್ತದೆ.

ಹಳದಿ, ಕೇಸರಿ ಬೇಕಾದರೆ ಗುಂಡ್ಲುಪೇಟೆ ಕಡೆ ಈಗ ಹೊಲದ ತುಂಬ ಚೆಂಡು ಹೂವು. ಆದರೆ ವರಮಹಾಲಕ್ಷ್ಮಿ ಹಬ್ಬ, ಹಿಂದೆಯೇ ಓಣಂ. ಕೇರಳದವರು ಲೋಡುಗಟ್ಟಲೆ ಒಯ್ಯುತ್ತಾರೆ. ರೈತರಿಗೆ ಈಗಲೇ ಫೋನ್ ಮಾಡಿ, ಸ್ವಲ್ಪ ಮುಂಗಡ ಕೊಟ್ಟುಬಿಡು. ದುಡ್ಡಿನ ಮಾತು ಬಂತಲ್ಲ, ಒಂದು ನೆನಪಾಯಿತು. ಉಡುಪಿ ಹತ್ತಿರದ ಶಂಕರಪುರದಲ್ಲಿ ಮಲ್ಲಿಗೆಯನ್ನು ನಮ್ಮ ಹಾಗೆ ಮೊಳ ಹಾಕಿ ಮಾರುವುದಿಲ್ಲ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ದಿನಾ ಬದಲಾಗುತ್ತದೆ. ಮಳೆ ಹೊಡೆದರೆ ಹೂವು ಕಮ್ಮಿ, ದರ ಮೇಲೆ. ಎಣಿಸಿದ ಲೆಕ್ಕ ಆದ್ದರಿಂದ ಜಗಳ ಕಮ್ಮಿ. ನಮ್ಮ ಮೊಳ ಇದೆಯಲ್ಲ, ಅದು ಮಾರುವವಳ ಮನಸ್ಸಿನಷ್ಟೇ ಉದ್ದ!

ಹೂವು ಚುಚ್ಚಿ ನಿಲ್ಲಿಸುವ ಆ ಹಸಿರು ಫೋಮ್ ಬಿಲ್ಲೆ ಬಿಡು. ನಿನ್ನ ಕೋರ್ಸಿನಲ್ಲಿ ಅದನ್ನೇ ಕಲಿಸಿದ್ದಾರೆ, ಗೊತ್ತು. ಅದು ಪ್ಲಾಸ್ಟಿಕ್, ತಿಪ್ಪೆಗೆ ಹಾಕಿದರೆ ಕೊಳೆಯುವುದೂ ಇಲ್ಲ. ಬಾಳೆದಿಂಡು ತಗೋ. ದಿಂಡಿನ ತುಂಬ ನೀರೇ ಇರುತ್ತದೆ. ಗಟ್ಟಿ ಕಡ್ಡಿಯ ಹೂವನ್ನು ನೇರವಾಗಿ ಚುಚ್ಚು. ಡೇರೆಯ ಕಡ್ಡಿ ಪೊಳ್ಳು, ಅದಕ್ಕೆ ಮೊದಲು ತೆಂಗಿನಗರಿಯ ಕಡ್ಡಿಯಲ್ಲಿ ತೂತು ಮಾಡಿಕೋ. ಮದುವೆ ಮುಗಿದ ಮೇಲೆ ದಿಂಡು ಹಸುವಿಗಾಯಿತು.

ಜೋಡಿಸುವಾಗ ಹಸಿರು ಮೊದಲು. ಮರುಗ, ದವನ, ಮಾವಿನೆಲೆ ಯಾವುದಾದರೂ ಸರಿ. ಹಸಿರು ಕೂತ ಮೇಲೆ ಹೂವು ತನ್ನ ಜಾಗ ತಾನೇ ಕೇಳುತ್ತದೆ. ಒಂದು ಕೋಣೆಗೆ ಒಂದೇ ಘಮ ಸಾಕು. ಸಂಪಿಗೆ, ಸುಗಂಧರಾಜ ಎರಡನ್ನೂ ಒಟ್ಟಿಗೆ ಇಟ್ಟರೆ ಬಂದವರಿಗೆ ತಲೆನೋವು. ಊಟದ ಕೋಣೆಯಲ್ಲಂತೂ ಎರಡೂ ಬೇಡ, ಸಾರಿನ ಘಮ ಸತ್ತುಹೋಗುತ್ತದೆ. ಅಲ್ಲಿಗೆ ಕನಕಾಂಬರ ಸಾಕು, ಬಣ್ಣ ಇದೆ, ವಾಸನೆ ಇಲ್ಲ. ಬಾಳೆಹಣ್ಣಿನ ಗೊನೆ ಇರುವ ಕೋಣೆಯಲ್ಲಿ ಹೂವಿನ ಬಕೆಟ್ ಇಡಬೇಡ. ಹಣ್ಣು ಮಾಗುವಾಗ ಬಿಡುವ ಗಾಳಿಗೆ ಹೂವು ಬೇಗ ಬಾಡುತ್ತದೆ.

ಹೂವು ಮಾರಿದ ಊರಿನಲ್ಲಿ ಹುಲ್ಲು ಮಾರಬಾರದು ಅಂತಾರೆ. ನಾನು ಹುಲ್ಲನ್ನೂ ಮಾರಿದ್ದೇನೆ ಕಣೇ! ಸಂಕ್ರಾಂತಿ ಹೊತ್ತಿಗೆ ಭತ್ತದ ತೆನೆ, ರಾಗಿ ತೆನೆ ಕಟ್ಟಿ ಹಿತ್ತಾಳೆ ಚೊಂಬಿನಲ್ಲಿ ನಿಲ್ಲಿಸಿದರೆ ಯಾವ ಗುಲಾಬಿಯೂ ಪಕ್ಕದಲ್ಲಿ ನಿಲ್ಲುವುದಿಲ್ಲ. ಕೇಳಿದವರು ಮೊದಲು ನಕ್ಕರು, ಆಮೇಲೆ ಬೆಲೆ ಕೇಳಿದರು.

ಹುಡುಗಿಯ ಮನೆಯವರಿಗೆ ಫೋನಿನಲ್ಲಿ ಬೇಡ ಅನ್ನಬೇಡ. ಎರಡು ಡೇರೆ, ನಾಲ್ಕು ಸುಗಂಧರಾಜ, ಒಂದು ಹಿಂಗಾರ ತಗೊಂಡು ಮನೆಗೇ ಹೋಗು. ಅವರ ಮೇಜಿನ ಮೇಲೆ ಸುಮ್ನೆ ಒಂದು ತಂಬಿಗೆಯಲ್ಲಿ ಇಟ್ಟು, ಕಾಫಿ ಕುಡಿದು ಬಾ. ಮಾರನೇ ದಿನ ಕೇಳು. ಆಗಲೂ ಪಿಯೋನಿಯೇ ಬೇಕು ಅಂದರೆ ಬೇರೆಯವರ ಹತ್ತಿರ ಕಳಿಸಿಬಿಡು, ಬೇಜಾರು ಬೇಡ.

ಡೇರೆಗೆ ನನಗೆ ಪರಿಚಯದ ತೋಟದವರು ಸಾಗರದಲ್ಲಿದ್ದಾರೆ. ಭಾನುವಾರ ಬಾ, ಮಾತಾಡಿಸುತ್ತೇನೆ. ಬರುವಾಗ ನನ್ನ ದೊಡ್ಡ ಹಿತ್ತಾಳೆ ಉರುಳಿ ತಗೊಂಡು ಬಾ. ಯುಗಾದಿಗೆ ಒಯ್ದವಳು ಇನ್ನೂ ಕೊಟ್ಟಿಲ್ಲ ನೀನು.

ನಿನ್ನ ದೊಡ್ಡಮ್ಮ